ತೊಳೆದ ಟ್ಯಾಂಕು

14 ಜೂನ್ 1991

ಪ್ರೀತಿಯ ಮೊಂಡನಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನ ಮಂಡಿನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ನೀನು ಕಾಗದ ಬರೆದು ನಾಲ್ಕು ತಿಂಗಳಾಯಿತು. ವೆಲ್ಡಿಂಗ್ ಮಾಡುವ ಕೈಗೆ ಪೆನ್ನು ಹಿಡಿದರೆ ಜೋಮು ಹಿಡಿಯುತ್ತದೆಯೇ?

ಸ್ಕೂಲು ಶುರುವಾಗಿ ಎರಡು ವಾರವಾಯಿತು. ಸೈನ್ಸ್ ಮೇಷ್ಟ್ರಿಗೆ ವರ್ಗವಾಗಿದೆ, ಅವರ ಜಾಗಕ್ಕೆ ಯಾರೂ ಬಂದಿಲ್ಲ. ಹೆಡ್‌ಮಿಸ್ ನನ್ನನ್ನು ಕರೆದು, "ಲೆಕ್ಕ ಬಂದೋರಿಗೆ ಎಲ್ಲಾ ಬರುತ್ತೆ, ಹತ್ತನೇ ಕ್ಲಾಸಿನ ಸೈನ್ಸ್ ಈ ವರ್ಷ ನೀವೇ ನೋಡ್ಕೊಳ್ಳಿ" ಎಂದರು. ಹನ್ನೊಂದು ವರ್ಷ ಲೆಕ್ಕ ಕಲಿಸಿದವಳಿಗೆ ಇದೇನು ಮಹಾ ಎಂದು ಒಪ್ಪಿಕೊಂಡೆ. ಜುಲೈ ಕೊನೆಯಲ್ಲಿ ಆಮ್ಲಗಳ ಪಾಠ ಬರುತ್ತದೆ. ನೀನು ಹದಿನೈದು ವರ್ಷದಿಂದ ಆ್ಯಸಿಡ್ ಕಾರ್ಖಾನೆಯಲ್ಲೇ ಟ್ಯಾಂಕು, ಪೈಪು ರಿಪೇರಿ ಮಾಡಿಕೊಂಡಿದ್ದೀಯ. ಆ್ಯಸಿಡ್ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ನೋಡಿದ್ದನ್ನು ನಾಲ್ಕು ಸಾಲು ಬರೆದು ಕಳಿಸು. ಪುಸ್ತಕದ ಮಾತಿಗಿಂತ ಟೀಚರ್ ತಮ್ಮನ ಮಾತು ಎಂದರೆ ಮಕ್ಕಳು ಕಿವಿಗೊಡುತ್ತಾರೆ.

ಇನ್ನೊಂದು ವಿಷಯ. ಈಗ ಗುಂಪಿಗೆ ನೀನೇ ಮೇಸ್ತ್ರಿ. ಟ್ಯಾಂಕಿನ ಹತ್ತಿರ ಯಾರಿಗೂ ಸಿಗರೇಟು ಸೇದಲು ಬಿಡಬೇಡ. ನಿನಗೆ ಕೆಲಸ ಕಲಿಸಿದ ಮೇಸ್ತ್ರಿ ಎಷ್ಟು ಒಳ್ಳೆಯವರಾಗಿದ್ದರೂ ಒಂದು ಸಿಗರೇಟಿಗೆ ಜೀವ ಕೊಟ್ಟರು. ಅವರು ಹೋಗಿ ಈ ತಿಂಗಳಿಗೆ ಎರಡು ವರ್ಷವಲ್ಲವೇ? ಅವರ ಹೆಂಡತಿ ಈಗ ಹೇಗಿದ್ದಾರೆ, ಬರೆ.

ನಿನ್ನ ಅಕ್ಕ


29 ಜೂನ್ 1991

ಅಕ್ಕನಿಗೆ ನಮಸ್ಕಾರ.

ನಿನ್ನ ಪುಸ್ತಕ ಬರೆದವರು ಟ್ಯಾಂಕು ನೋಡಿದವರಲ್ಲ. ನಮ್ಮಲ್ಲಿ ಸಲ್ಫ್ಯೂರಿಕ್ ಆ್ಯಸಿಡ್ ಇರುವುದೇ ಕಬ್ಬಿಣದ ಟ್ಯಾಂಕಿನಲ್ಲಿ. ಮೂರು ಟ್ಯಾಂಕುಗಳಿವೆ, ಒಂದೊಂದೂ ಎರಡಂತಸ್ತಿನ ಮನೆಯಷ್ಟು ಎತ್ತರ. ಒಳಗೆ ರಬ್ಬರೂ ಇಲ್ಲ, ಬಣ್ಣವೂ ಇಲ್ಲ, ಬರೀ ಕಬ್ಬಿಣ. ಅದರಲ್ಲಿ ಇಪ್ಪತ್ತು ವರ್ಷದಿಂದ ಆ್ಯಸಿಡ್ ಕೂತಿದೆ. ತೆಗೆದುಕೊಂಡು ಹೋಗುವ ಲಾರಿಗಳ ಟ್ಯಾಂಕರೂ ಕಬ್ಬಿಣದ್ದೇ. ಆ್ಯಸಿಡ್ ಹರಳೆಣ್ಣೆಯಂತೆ ಮಂದ. ಬಕೆಟ್ಟಿನಲ್ಲಿ ಎತ್ತಿದರೆ ನೀರಿನ ಎರಡರಷ್ಟು ಭಾರ ಅನ್ನಿಸುತ್ತದೆ. ಬಟ್ಟೆಗೆ ತಾಕಿದರೆ ಬಟ್ಟೆ ಇಲ್ಲ, ಚರ್ಮಕ್ಕೆ ತಾಕಿದರೆ ಚರ್ಮ ಇಲ್ಲ. ಕಬ್ಬಿಣಕ್ಕೆ ಮಾತ್ರ ಏನೂ ಮಾಡುವುದಿಲ್ಲ. ಇದನ್ನು ನಿನ್ನ ಮಕ್ಕಳಿಗೆ ಹೇಳು, ಅವರು ನಗಲಿ.

ನೀನು ಈಗ ಸೈನ್ಸ್ ಟೀಚರ್ ಆದ್ದರಿಂದ ನಾನೂ ಕೇಳುತ್ತೇನೆ. ಈ ಆ್ಯಸಿಡ್ಡಿಗೆ ಸ್ವಲ್ಪ ನೀರು ಸೇರಿದರೆ ಏನಾಗುತ್ತದೆ? ಟ್ಯಾಂಕು ಖಾಲಿ ಮಾಡಿದ ಮೇಲೆ ತಳದಲ್ಲಿ ಒಂದು ಗೇಣು ಕೆಸರು ಉಳಿಯುತ್ತದೆ, ಅದು ಆ್ಯಸಿಡ್ ಹೀರಿಕೊಂಡಿರುತ್ತದೆ. ಅದರ ಮೇಲೆ ನೀರು ಬಿಟ್ಟು ಒಂದೆರಡು ದಿನ ಮುಚ್ಚಿಟ್ಟರೆ ಅದರಿಂದ ಏನಾದರೂ ಏಳುತ್ತದೆಯೇ? ಅದಕ್ಕೆ ವಾಸನೆ ಇರುತ್ತದೆಯೇ? ಎಷ್ಟು ಹೊತ್ತಿಗೆ ಎಷ್ಟು? ಪುಸ್ತಕದಲ್ಲಿ ನೋಡಿ ಸರಿಯಾಗಿ ಬರೆ. ಮರೆಯಬೇಡ.

ಮೇಸ್ತ್ರಿಯ ಹೆಂಡತಿ ಮಗಳ ಜೊತೆ ಹಳೇ ಮನೆಯಲ್ಲೇ ಇದ್ದಾರೆ. ಹೊಲಿಗೆ ಹಾಕುತ್ತಾರೆ. ನಾನು ಆ ಕಡೆ ಹೋಗುವುದು ಕಡಿಮೆ.

ಭಾವನಿಗೆ ನಮಸ್ಕಾರ ತಿಳಿಸು.

ತಮ್ಮ


8 ಜುಲೈ 1991

ಮೊಂಡನಿಗೆ,

ಉದಾಹರಣೆ ಕೇಳಿದರೆ ಇನ್‌ಸ್ಪೆಕ್ಟರ್ ಹಾಗೆ ಪಾಟೀಸವಾಲು ಹಾಕಿದ್ದೀಯ. ನನ್ನನ್ನು ಪರೀಕ್ಷೆ ಮಾಡುವ ಬುದ್ಧಿ ನಿನಗೆ ಚಿಕ್ಕಂದಿನಿಂದ ಇದೆ. ಇರಲಿ, ಉತ್ತರ ಬರೆಯುತ್ತೇನೆ.

ಆಮ್ಲಗಳು ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಅಯಾನುಗಳನ್ನು ಬಿಡುಗಡೆ ಮಾಡುತ್ತವೆ. ಆಮ್ಲಗಳು ಲೋಹಗಳೊಂದಿಗೆ ವರ್ತಿಸಿ ಹೈಡ್ರೋಜನ್ ಅನಿಲ ಕೊಡುತ್ತವೆ. ಇದು ಪುಸ್ತಕದಲ್ಲಿರುವುದು, ಇಡೀ ಲೋಕ ಒಪ್ಪಿರುವುದು. ನಿಮ್ಮ ಟ್ಯಾಂಕಿನ ಒಳಗೆ ನಿನ್ನ ಕಣ್ಣಿಗೆ ಬೀಳದ ಲೇಪ ಏನೋ ಇರಬೇಕು.

ನೀರು ಸೇರಿಸಿದರೆ ಆಮ್ಲ ತೆಳುವಾಗುತ್ತದೆ, ಅದರ ಶಕ್ತಿ ಇಳಿಯುತ್ತದೆ. ನೀರು ಹೆಚ್ಚಾದಷ್ಟೂ ಅಪಾಯ ಕಡಿಮೆ. ಇದಕ್ಕೆ ಪುಸ್ತಕವೂ ಬೇಡ, ಕೈಗೆ ತಾಕಿದರೆ ನಲ್ಲಿಯ ಕೆಳಗೆ ಹಿಡಿ ಎನ್ನುವುದು ಇದಕ್ಕೇ. ತೊಳೆದ ಟ್ಯಾಂಕಿನ ಬಗ್ಗೆ ನೀನು ಚಿಂತೆ ಮಾಡಬೇಕಿಲ್ಲ.

ಮುಂದಿನ ಸಲ ನಗುವುದಕ್ಕೆ ಬೇರೆ ಯಾರನ್ನಾದರೂ ಹುಡುಕಿಕೋ.

ಅಕ್ಕ


17 ಜುಲೈ 1991

ಅಕ್ಕನಿಗೆ ನಮಸ್ಕಾರ.

ನಾನು ನಿನ್ನನ್ನು ನೋಡಿ ನಗಲಿಲ್ಲ. ನಿನ್ನ ಉತ್ತರ ಓದಿ ಎದೆ ಹಗುರವಾಯಿತು. ಎರಡು ಸಲ ಓದಿದೆ. ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಇಲ್ಲಿ ಕೆಲಸ ಜೋರು. ಮೂರನೇ ನಂಬರ್ ಟ್ಯಾಂಕಿನ ಮೇಲ್ಛಾವಣಿಯ ಪೈಪು ಸವೆದಿದೆ, ಅದನ್ನು ಕತ್ತರಿಸಿ ಹೊಸದು ಬೆಸೆಯಬೇಕು. 27ರ ಶನಿವಾರ ಟ್ಯಾಂಕು ಖಾಲಿ ಮಾಡಿ, ತೊಳೆದು ಮುಚ್ಚಳ ಹಾಕುತ್ತೇವೆ. ಹೊಸ ಪೈಪು ಬರುವುದು ಬುಧವಾರ. ಒಂದನೇ ತಾರೀಖು ಗುರುವಾರ ಬೆಳಗ್ಗೆ ವೆಲ್ಡಿಂಗು. ನಾನೇ ಮೇಲೆ ಹತ್ತುತ್ತೇನೆ, ಹುಡುಗರ ಕೈಲಿ ಮಾಡಿಸುವ ಕೆಲಸವಲ್ಲ.

ತಮ್ಮ


30 ಜುಲೈ 1991, ಮಂಗಳವಾರ

ತಮ್ಮಾ,

ಈ ಕಾಗದಕ್ಕೆ ಮೊದಲು ನಿನಗೆ ನನ್ನ ತಂತಿ ತಲುಪಿರಬೇಕು. ಪೋಸ್ಟಾಫೀಸಿನ ಬಾಗಿಲು ತೆಗೆಯುವುದನ್ನೇ ಕಾದು ಕಳಿಸಿದ್ದೇನೆ. ಅದರಲ್ಲಿ ಬರೆದದ್ದೇ ಮತ್ತೆ ಬರೆಯುತ್ತೇನೆ: ಆ ಟ್ಯಾಂಕಿಗೆ ಬೆಂಕಿ ತಾಕಿಸಬೇಡ. ನಾನು ಬರೆದದ್ದು ತಪ್ಪು. ಕಾರ್ಖಾನೆಗೆ ಫೋನು ಮಾಡಿದೆ, ಗೇಟಿನವನು ಸ್ವಂತ ವಿಷಯಕ್ಕೆ ಕರೆಯುವಂತಿಲ್ಲ ಎಂದು ಇಟ್ಟುಬಿಟ್ಟ.

ಏನಾಯಿತೆಂದು ಹೇಳುತ್ತೇನೆ. ನಿನ್ನೆ ಕ್ಲಾಸಿನಲ್ಲಿ ಆಮ್ಲದ ಪಾಠ. ಮೇಜಿನ ಮೇಲೆ ತಟ್ಟೆಯಲ್ಲಿ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ಹರಳು ಇಟ್ಟು, ಅದರ ಮೇಲೆ ನೀಲಿ ಲಿಟ್ಮಸ್ ಕಾಗದ ಒತ್ತಿ, ಈಗ ಕೆಂಪಾಗುತ್ತದೆ ನೋಡಿ ಎಂದೆ. ಆಗಲಿಲ್ಲ. ಇನ್ನೊಂದು ಕಾಗದ ಒತ್ತಿದೆ, ಅದೂ ನೀಲಿಯೇ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಒಂದ್ ಹನಿ ನೀರು ಹಾಕಿ ನೋಡೋಣ" ಎಂದಳು. ಹಾಕಿದೆ. ಹನಿ ಬಿದ್ದ ಜಾಗ ಕೆಂಪಾಯಿತು. ಆಮೇಲೆ ಒಣ ಹರಳಿಗೆ ಒಣ ಅಡಿಗೆ ಸೋಡಾ ಬೆರೆಸಿದೆವು. ಎರಡೂ ಸುಮ್ಮನೆ ಕೂತಿದ್ದವು. ನೀರು ಬಿದ್ದದ್ದೇ ತಡ, ಬುಸುಗುಟ್ಟಿ ತಟ್ಟೆಯಿಂದ ಉಕ್ಕಿತು. ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ನಿನ್ನ ಟ್ಯಾಂಕು ನೆನಪಾಯಿತು.

ಸ್ಕೂಲು ಬಿಟ್ಟ ತಕ್ಷಣ ಪಕ್ಕದ ಬೀದಿಯ ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರ ಮನೆಗೆ ಹೋದೆ. ನೀನು ಕೇಳಿದ್ದನ್ನೂ ನಾನು ಉತ್ತರಿಸಿದ್ದನ್ನೂ ಹೇಳಿದೆ. ನೀರು ಹಾಕಿದರೆ ಆಮ್ಲದ ಶಕ್ತಿ ಇಳಿಯುವುದಿಲ್ಲವೇ ಎಂದರೆ ಅವರು, "ಯಾವ ಶಕ್ತಿ ಅಮ್ಮಾ?" ಎಂದರು. ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ.

ಆಮ್ಲದ ಕಣದಲ್ಲಿ ಹೈಡ್ರೋಜನ್ ಇರುತ್ತದೆ, ಆದರೆ ಕಟ್ಟಿಹಾಕಿದಂತೆ ಇರುತ್ತದೆ. ತಾನಾಗಿ ಬಿಟ್ಟು ಬರುವುದಿಲ್ಲ. ನೀರಿನ ಕಣ ಹತ್ತಿರ ಬಂದು ಎಳೆದರೆ, ತನ್ನ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಡುತ್ತದೆ. ಒಂಟಿಯಾಗಿಯೂ ನಿಲ್ಲುವುದಿಲ್ಲ, ನೀರಿನ ಕಣದ ಹೆಗಲೇರುತ್ತದೆ. ಅಯಾನು ಎಂದರೆ ಅದೇ. ನಿಂಬೆ ಉಪ್ಪಿನಂಥ ಸಾಧು ಆಮ್ಲದಲ್ಲಿ ನೂರರಲ್ಲಿ ಕೆಲವು ಕಣ ಮಾತ್ರ ಹೀಗೆ ಬಿಡಿಸಿಕೊಳ್ಳುತ್ತವೆ. ಸಲ್ಫ್ಯೂರಿಕ್ ಆ್ಯಸಿಡ್ಡಿನಲ್ಲಿ, ಬೇಕಾದಷ್ಟು ನೀರು ಸಿಕ್ಕರೆ, ಒಂದೂ ಉಳಿಯುವುದಿಲ್ಲ. ನಿಮ್ಮ ಟ್ಯಾಂಕಿನಲ್ಲಿ ಇರುವುದು ನೂರಕ್ಕೆ ತೊಂಬತ್ತೆಂಟು ಪಾಲು ಆ್ಯಸಿಡ್, ಎರಡು ಪಾಲು ನೀರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೇ ಅಲ್ಲಿ ಅಯಾನುಗಳು ಬಹಳ ಕಡಿಮೆ. ಇರುವ ಅಲ್ಪಸ್ವಲ್ಪ ಕಬ್ಬಿಣದ ಮೇಲೆ ಒಂದು ಪೊರೆ ಕಟ್ಟಿಸುತ್ತವೆ, ಆ ಪೊರೆಯೇ ಕಬ್ಬಿಣವನ್ನು ಕಾಯುತ್ತದೆ. ನೀನು ನೋಡಿದ್ದು ನಿಜ, ಪುಸ್ತಕದ್ದೂ ನಿಜ. ಎರಡರ ನಡುವೆ ಇದ್ದದ್ದು ನೀರು, ಅದನ್ನು ನಾನು ಓದದೆ ಹಾರಿಸಿಬಿಟ್ಟೆ.

ಕೆಸರಿನ ಮೇಲೆ ನೀರು ಬಿಟ್ಟರೆ ಆ ಪೊರೆ ಕರಗುತ್ತದೆ, ಅಯಾನುಗಳು ಹುಟ್ಟುತ್ತವೆ. ಅವು ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು, ಎರಡೆರಡು ಜೊತೆಯಾಗಿ ಹೈಡ್ರೋಜನ್ ಅನಿಲವಾಗಿ ಮೇಲೇಳುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರ, ಹಾಗಾಗಿ ಛಾವಣಿಯ ಕೆಳಗೆ ಹೋಗಿ ನಿಲ್ಲುತ್ತದೆ. ನೀನು ವೆಲ್ಡಿಂಗ್ ಮಾಡುವುದು ಅಲ್ಲೇ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಆ ಟ್ಯಾಂಕು ಈಗ ಮುಚ್ಚಿದೆಯಾ?"

ಮುಚ್ಚಳಗಳನ್ನೆಲ್ಲ ತೆಗೆಸು. ಗಾಳಿ ಆಡಲಿ. ಧಾರಾಳವಾಗಿ ನೀರು, ಆಮ್ಲವನ್ನು ಅಡಗಿಸುವ ಸೋಡಾ ಹಾಕಿ ಕೆಸರು ಪೂರ್ತಿ ತೆಗೆಸು. ಅನಿಲ ಅಳೆಯುವ ಮೀಟರು ಹಿಡಿಯದೆ ಮೇಲೆ ಹತ್ತಬೇಡ. ಯಾರು ಏನೇ ಅನ್ನಲಿ.

ನನಗೆ ಗೊತ್ತಿಲ್ಲ ಎಂದು ಬರೆಯಲು ನಾಚಿಕೆಯಾಗಿ ಗೊತ್ತಿದೆ ಎಂದು ಬರೆದಿದ್ದೆ. ತಲುಪಿದ ಕೂಡಲೇ ಒಂದು ಸಾಲು ಬರೆ.

ಅಕ್ಕ


9 ಆಗಸ್ಟ್ 1991

ತಮ್ಮಾ,

ನಿನ್ನಿಂದ ಕಾಗದವಿಲ್ಲ. ಮತ್ತೆ ಫೋನು ಮಾಡಿ, ನಿಮ್ಮಲ್ಲಿ ಏನಾದರೂ ಅಪಘಾತವಾಗಿದೆಯೇ, ಅಷ್ಟು ಹೇಳಿ ಸಾಕು ಎಂದು ಗೇಟಿನವನನ್ನು ಕೇಳಿದೆ. ಏನೂ ಆಗಿಲ್ಲ ಎಂದ. ನೀನು ಕೆಲಸಕ್ಕೆ ಬರುತ್ತಿದ್ದೀಯ ಎಂದೂ ಹೇಳಿದ. ಆವತ್ತು ರಾತ್ರಿ ಊಟ ಸೇರಿತು.

ಹಾಗಾದರೆ ಬರೆಯದಿರುವುದು ಸಿಟ್ಟಿಗೆ. ಸಿಟ್ಟು ನ್ಯಾಯವೇ. ಆದರೂ ಬರೆ.

ಅಕ್ಕ


17 ಆಗಸ್ಟ್ 1991

ಮೊಂಡ,

ಕ್ಲಾಸಿನಲ್ಲಿ ನಾನು ತಪ್ಪು ತಿಳಿದಿದ್ದೆ ಎಂದು ಮಕ್ಕಳಿಗೆ ಹೇಳಿದೆ. ಹೆಡ್‌ಮಿಸ್‌ಗೂ ಹೇಳಿದೆ. ಈಗ ವಾರಕ್ಕೆ ಎರಡು ಸಂಜೆ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಇನ್ನು ಯಾರ ಹತ್ತಿರ ತಪ್ಪೊಪ್ಪಿಕೊಂಡರೆ ನೀನು ಬರೆಯುತ್ತೀಯ?

ಅಕ್ಕ


23 ಆಗಸ್ಟ್ 1991

ಅಕ್ಕನಿಗೆ ನಮಸ್ಕಾರ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ತಂತಿ 31ರ ಸಂಜೆ ರೂಮಿಗೆ ಬಂತು. ಮರುದಿನ ಬೆಳಗ್ಗೆ ಹುಡುಗರು ಮಷೀನು ಮೇಲಕ್ಕೆ ಎತ್ತುತ್ತಿದ್ದರು. ಇಳಿಸಿ ಎಂದೆ. ಇಂಜಿನಿಯರ್ ಬಂದು ಏನಾಯಿತು ಎಂದರು. ತಂತಿ ತೋರಿಸಿದೆ. "ಯಾರ್ರೀ ನಿಮ್ಮಕ್ಕ?" ಎಂದರು. ಹತ್ತನೇ ಕ್ಲಾಸಿಗೆ ಲೆಕ್ಕದ ಟೀಚರ್ ಎಂದೆ. ಅವರು ನಕ್ಕರು. ತೊಳೆದ ಟ್ಯಾಂಕು, ಖಾಲಿ ಟ್ಯಾಂಕು, ಇದರಲ್ಲಿ ಉರಿಯುವುದಕ್ಕೆ ಏನಿದೆ ಎಂದರು. ನಾನು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತೆ. ಬೇರೆಯವರನ್ನು ಕರೆಸುತ್ತೇನೆ ಎಂದರು. ಕರೆಸಿ, ಆದರೆ ಮೀಟರು ಹಿಡಿಯದೆ ಯಾರನ್ನೂ ಹತ್ತಲು ಬಿಡುವುದಿಲ್ಲ ಎಂದೆ. ಹನ್ನೊಂದು ಗಂಟೆಯ ತನಕ ಹಾಗೇ ಕೂತಿದ್ದೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಪಕ್ಕದ ಕಾರ್ಖಾನೆಯಿಂದ ಮೀಟರು ತರಿಸಿದರು.

ಮುಚ್ಚಳದ ಒಂದು ಬೋಲ್ಟನ್ನು ಕಿಡಿ ಹಾರದ ಹಿತ್ತಾಳೆ ಸ್ಪ್ಯಾನರಿನಲ್ಲಿ ಮೆಲ್ಲಗೆ ಸಡಿಲಿಸಿ ಮೀಟರಿನ ನಳಿಕೆ ಒಳಗೆ ಬಿಟ್ಟರು. ಮುಳ್ಳು ಆ ತುದಿಗೆ ಹೋಗಿ ನಿಂತಿತು. ಮೀಟರು ಕೆಟ್ಟಿರಬೇಕು ಎಂದು ಹೊರಗೆಳೆದರು. ಸೊನ್ನೆಗೆ ಬಂತು. ಮತ್ತೆ ಒಳಗೆ ಬಿಟ್ಟರು, ಮತ್ತೆ ತುದಿಗೆ ಹೋಯಿತು. ಇಂಜಿನಿಯರ್ ಮುಖ ಸುಣ್ಣದಂತಾಯಿತು. ಅವರು ಕೆಟ್ಟವರಲ್ಲ, ಅವರಿಗೂ ಗೊತ್ತಿರಲಿಲ್ಲ. ಎಲ್ಲರನ್ನೂ ದೂರ ಕಳಿಸಿ ಮುಚ್ಚಳ ತೆಗೆಸಿದೆವು. ಗಾಳಿ ಬಿಟ್ಟು, ಕೆಸರು ತೆಗೆದು, ಸೋಡಾ ಹಾಕಿ ತೊಳೆದೆವು. ಆರನೇ ದಿನ ಮುಳ್ಳು ಸೊನ್ನೆಯಲ್ಲಿ ನಿಂತಿತು. ಆಮೇಲೆ ಬೆಸೆದೆ.

ಇಷ್ಟನ್ನು ಅವತ್ತೇ ಬರೆಯಬಹುದಿತ್ತು. ಬರೆಯದಿದ್ದದ್ದು ಮುಳ್ಳು ತುದಿಗೆ ಹೋದಾಗ ನನಗೆ ಗೊತ್ತಾದ ಇನ್ನೊಂದು ವಿಷಯಕ್ಕೆ.

ಎರಡು ವರ್ಷದ ಹಿಂದೆ ಒಂದನೇ ನಂಬರ್ ಟ್ಯಾಂಕನ್ನು ಖಾಲಿ ಮಾಡಿದ್ದೆವು. ಅದು ಶನಿವಾರ. ಕೆಸರು ಹಾಗೇ ಇರಲಿ, ಸೋಮವಾರ ಸೋಡಾ ಬಂದ ಮೇಲೆ ನೋಡೋಣ ಎಂದು ಮೇಸ್ತ್ರಿ ಮನೆಗೆ ಹೋದರು. ಅವರ ಕೆಲಸ ಹಗುರ ಮಾಡೋಣ ಎಂದು ನಾನು ಒಬ್ಬನೇ ಉಳಿದು ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟೆ. ಧೂಳು ಬೀಳದಿರಲಿ ಎಂದು ಮುಚ್ಚಳವನ್ನೂ ಬಿಗಿದೆ. ಸೋಮವಾರ ಬೆಳಗ್ಗೆ ಹೇಳಿದಾಗ ಅವರು ಭುಜ ತಟ್ಟಿದರು. ಮೇಲೆ ಹತ್ತಿ ತುಕ್ಕು ಹಿಡಿದ ಬೋಲ್ಟನ್ನು ಉಳಿ, ಸುತ್ತಿಗೆಯಿಂದ ಹೊಡೆಯುತ್ತಿದ್ದರು. ವೆಲ್ಡಿಂಗ್ ಮಷೀನು ಇನ್ನೂ ಕೆಳಗೇ ಇತ್ತು. ಮುಚ್ಚಳ ಹಾರಿತು. ಅವರು ಈ ಕಡೆ ಬಿದ್ದರು, ನನ್ನಿಂದ ನಾಲ್ಕು ಮಾರು ದೂರ.

ಟ್ಯಾಂಕು ತೊಳೆದಿತ್ತು, ಬೆಂಕಿಯ ಕೆಲಸ ಶುರುವಾಗಿರಲಿಲ್ಲ, ಆದ್ದರಿಂದ ಸಿಗರೇಟೇ ಕಾರಣ ಎಂದು ವರದಿ ಬರೆದರು. ನಾನು ನೀರಿನ ವಿಷಯ ಒಳಗೊಳಗೇ ಅನುಮಾನಪಡುತ್ತಿದ್ದೆ. ನಿನ್ನ ಜುಲೈ ಕಾಗದ ಬಂದಾಗ ಬದುಕಿಕೊಂಡೆ ಅನ್ನಿಸಿತ್ತು.

ತಮ್ಮ


2 ಸೆಪ್ಟೆಂಬರ್ 1991

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದವನ್ನು ಭಾವನಿಗೂ ಓದಿ ಹೇಳಿದೆ. ಅವರು ಅದನ್ನು ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, "ಅವನನ್ನ ಬಂದು ಹೋಗೋಕೆ ಹೇಳು" ಎಂದರು.

ನೀನು ಎದೆ ಹಗುರವಾಯಿತು ಎಂದು ಬರೆದಾಗ ಅದು ಯಾಕೆಂದು ನಾನು ಕೇಳಲೇ ಇಲ್ಲ. ನಾನು ಗೆದ್ದೆ ಅಂದುಕೊಂಡಿದ್ದೆ.

ಮೇಷ್ಟ್ರನ್ನು ಮತ್ತೆ ಕೇಳಿದೆ. ಉಕ್ಕಿನ ಉಳಿಯ ಒಂದು ಕಿಡಿ ಹೈಡ್ರೋಜನ್ನಿಗೆ ಸಾಕಂತೆ. ನೀರು ಬಿಟ್ಟದ್ದನ್ನು ನೀನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ನಿನಗೂ ಗೊತ್ತಿರಲಿಲ್ಲ, ಮೇಸ್ತ್ರಿಗೂ ಗೊತ್ತಿರಲಿಲ್ಲ, ಇಂಜಿನಿಯರಿಗೂ ಗೊತ್ತಿರಲಿಲ್ಲ. ಪುಸ್ತಕ ಕೈಯಲ್ಲಿದ್ದ ನನಗೂ ಗೊತ್ತಿರಲಿಲ್ಲ. ಆದರೆ ಸಿಗರೇಟು ಎಂಬ ಮಾತು ಆ ಮನುಷ್ಯನ ಹೆಸರಿಗೆ ಅಂಟಿಕೊಂಡಿದೆ. ಮೊದಲು ಅವರ ಹೆಂಡತಿಯ ಹತ್ತಿರ ಹೋಗಿ ಹೇಳು, ಆಮೇಲೆ ಆಫೀಸಿಗೆ ಬರೆದುಕೊಡು. ಏನು ನಡೆದಿರಬೇಕು ಎಂದು ಮೇಷ್ಟ್ರು ಎರಡು ಪುಟ ಬರೆದು ಸಹಿ ಹಾಕಿದ್ದಾರೆ, ಜೊತೆಗಿಟ್ಟಿದ್ದೇನೆ.

ನಾನು ಬರಲೇ?

ಅಕ್ಕ


30 ಸೆಪ್ಟೆಂಬರ್ 1991

ಅಕ್ಕನಿಗೆ ನಮಸ್ಕಾರ.

ನೀನು ಬರುವುದು ಬೇಡ, ಒಬ್ಬನೇ ಹೋಗಬೇಕಿತ್ತು, ಹೋದೆ. ಎರಡು ಭಾನುವಾರ ಮೇಸ್ತ್ರಿಯ ಮನೆಯ ಬೀದಿಯ ತನಕ ಹೋಗಿ ವಾಪಸು ಬಂದಿದ್ದೆ. ಮೂರನೆಯ ಸಲ ಮೇಸ್ತ್ರಿಯ ಹೆಂಡತಿ, ಅತ್ತಿಗೆಯೇ, ಕಿಟಕಿಯಿಂದ ನೋಡಿ ಕರೆದರು. ಹೊಲಿಗೆ ಮಷೀನಿನ ಮುಂದೆ ಕೂತಿದ್ದರು. ಮಗಳು ಮನೆಯಲ್ಲಿರಲಿಲ್ಲ.

ನಾನು ಶುರುವಿನಿಂದ ಹೇಳಿದೆ. ಮೇಷ್ಟ್ರ ಪುಟಗಳನ್ನೂ ಓದಿದೆ. ಅಯಾನು ಅಂದರೇನು ಎಂದು ಕೇಳಿದರು. ನೀನು ಬರೆದ ಹಾಗೆಯೇ ಹೇಳಿದೆ. ಅವರು ತಲೆಯಾಡಿಸಿದರು. ಬಟ್ಟೆಯನ್ನು ಸೂಜಿಯ ಕೆಳಗಿಂದ ತೆಗೆದು ಮಡಿಸಿಟ್ಟರು. "ಹಾಗಾದ್ರೆ ಎರಡು ವರ್ಷ ನಾನು ಅವ್ರ ಮೇಲೆ ಸಿಟ್ಟು ಮಾಡ್ಕೊಂಡಿದ್ದು ಸುಮ್ನೇನಾ?" ಎಂದರು. ಸಿಗರೇಟು ಬಿಡುತ್ತೇನೆ ಎಂದು ಮಾತು ಕೊಟ್ಟು ತಪ್ಪಿದರು ಎಂದು ಅವರ ಫೋಟೋವನ್ನು ಗೋಡೆಗೆ ಹಾಕಿರಲಿಲ್ಲವಂತೆ. ಮಗಳಿಗೂ, ನಿಮ್ಮಪ್ಪನಿಗೆ ನಮಗಿಂತ ಅದೇ ದೊಡ್ಡದಾಯಿತು ಎಂದು ಹೇಳಿದ್ದರಂತೆ.

ನೀರು ಬಿಟ್ಟದ್ದು ನಾನು ಎಂದು ಮತ್ತೊಮ್ಮೆ ಹೇಳಿದೆ. ಅವರು ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ. ಅವತ್ತು ಅವರು ಸಿಗರೇಟು ಸೇದುತ್ತಿದ್ದರೋ ಇಲ್ಲವೋ, ನೀನು ಕೆಳಗೇ ಇದ್ದೆಯಲ್ಲ, ನೋಡಿರಬೇಕಲ್ಲ ಎಂದು ಕೇಳಿದರು.

ಇದನ್ನು ನಿನಗೂ ನಾನು ಬರೆದಿಲ್ಲ, ಅಕ್ಕ. ಸೋಮವಾರ ಏಣಿ ಹತ್ತುವ ಮೊದಲು ಮೇಸ್ತ್ರಿ ಸಿಗರೇಟು ಪ್ಯಾಕನ್ನೂ ಬೆಂಕಿಪೊಟ್ಟಣವನ್ನೂ ನನ್ನ ಕೈಗೆ ಕೊಟ್ಟಿದ್ದರು. ಇವತ್ತಿಂದ ಬಿಟ್ಟೆ, ಕೇಳಿದರೂ ಕೊಡಬೇಡ ಎಂದಿದ್ದರು. ಅವರು ಬಿದ್ದಾಗ ಅವೆರಡೂ ನನ್ನ ಅಂಗಿಯ ಜೇಬಿನಲ್ಲಿದ್ದವು. ಸಿಗರೇಟು ಎಂದು ವರದಿ ಬರೆದಾಗ ನಾನು ಬಾಯಿ ತೆಗೆಯಲಿಲ್ಲ. ತೆಗೆದಿದ್ದರೆ ಮುಂದಿನ ಪ್ರಶ್ನೆ ನೀರಿನದು ಬರುತ್ತಿತ್ತು.

ಅದನ್ನೂ ಹೇಳಿದೆ. ಆಗ ಅತ್ತಿಗೆ ನನ್ನ ಮುಖ ನೋಡಿದರು. "ನೀರು ಬಿಟ್ರೆ ಏನಾಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ಲ. ಇದು ಗೊತ್ತಿತ್ತಲ್ಲ" ಎಂದರು. ನಾನು ಎದ್ದು ನಿಂತೆ. "ಇವತ್ತು ಹೋಗು. ನಿನ್ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನಂಗೆ ಸ್ವಲ್ಪ ದಿನ ಬೇಕು. ಮುಂದಿನ ಭಾನುವಾರ ಬಾ, ಬರೋವಾಗ ಆಫೀಸಿಗೆ ಕೊಡೋ ಕಾಗದ ಬರ್ಕೊಂಡು ಬಾ" ಎಂದರು.

ನಿನ್ನೆ ಹೋಗಿದ್ದೆ. ಮಗಳೂ ಇದ್ದಳು. ಕೂರು ಎನ್ನಲಿಲ್ಲ. ನಿಂತುಕೊಂಡೇ ಕಾಗದವನ್ನು ಗಟ್ಟಿಯಾಗಿ ಓದಿದೆ. ನೀರಿನ ಸಂಗತಿ, ಕೆಸರಿನ ಸಂಗತಿ, ಮೇಷ್ಟ್ರು ಬರೆದದ್ದು, ಎಲ್ಲವೂ ಇತ್ತು. ಕೊನೆಯಲ್ಲಿ, ಸಿಗರೇಟು ಪ್ಯಾಕು ನನ್ನ ಬಳಿ ಇದ್ದ ಕಾರಣ ಬಹುಶಃ ಮೇಸ್ತ್ರಿಯವರು ಸಿಗರೇಟು ಸೇದಿರಲಿಕ್ಕಿಲ್ಲ ಎಂದು ಬರೆದಿದ್ದೆ.

ಅತ್ತಿಗೆ ಕೈ ಚಾಚಿ ಕಾಗದ ತೆಗೆದುಕೊಂಡರು. ಆ ಸಾಲನ್ನು ಬೆರಳಿನಿಂದ ಹುಡುಕಿ, ಮಗಳಿಂದ ಪೆನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. 'ಬಹುಶಃ' ಎಂಬ ಮಾತನ್ನು ಹೊಡೆದುಹಾಕು ಎಂದರು. ಹೊಡೆದೆ. ಇನ್ನೊಮ್ಮೆ ಓದು ಎಂದರು. ಸಿಗರೇಟು ಸೇದಿರಲಿಕ್ಕಿಲ್ಲ ಎಂದು ಓದಿದೆ. ಅದನ್ನೂ ಹೊಡೆಸಿದರು. ಮೇಸ್ತ್ರಿಯವರು ಸಿಗರೇಟು ಸೇದಿರಲಿಲ್ಲ ಎಂದು ಬರೆಸಿ, ಆ ಸಾಲನ್ನು ಮಗಳ ಕೈಯಲ್ಲಿ ಓದಿಸಿದರು.

ಇವತ್ತು ಬೆಳಗ್ಗೆ ಮೂವರೂ ಹೋಗಿ ಆಫೀಸಿನಲ್ಲಿ ಕೊಟ್ಟು ಬಂದೆವು.

ತಮ್ಮ